ಕುದುರೆಯ ಗೊರಸು ಕೊಳೆತಾಗ

ಕುದುರೆಯ ಚೆಲುವನ್ನು ವರ್ಣಿಸಿದ ನಮ್ಮ ಕವಿಗಳು ಅದರ ಕೊರಳ ಬಾಗನ್ನೂ ಕಿವಿಯ ನಿಮಿರನ್ನೂ ಓಟದ ವೇಗವನ್ನೂ ಮನದಣಿಯೆ ಹೊಗಳಿದ್ದಾರೆ. ಆದರೆ ಅದರ ಕಾಲನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಅಡಿಭಾಗವನ್ನು ನೋಡಿದವರು ಕವಿಗಳಲ್ಲ. ಲಾಯದವರು, ಲಾಳ ಕಟ್ಟುವವರು, ಜಟಕಾ ಹೊಡೆಯುವವರು. ಅವರು ಬರೆದಿಟ್ಟದ್ದು ಕಡಮೆ. ಕುದುರೆಯ ಚರಿತ್ರೆಯೆಂದರೆ ದಂಡಯಾತ್ರೆಗಳ ಚರಿತ್ರೆಯೆಂದು ನಾವು ಶಾಲೆಯಲ್ಲಿ ಕಲಿಯುತ್ತೇವೆ, ಕಲಿಸುತ್ತೇವೆ. ಆದರೆ ದಂಡು ನಡೆದದ್ದು ಗೊರಸಿನ ಮೇಲೆ ತಾನೆ? ಆ ಗೊರಸು ಕೊಳೆತಾಗ ಮನುಷ್ಯನು ಏನೇನು ಮಾಡಿದನು, ಕೈಗೆ ಸಿಕ್ಕಿದ ಯಾವ ಯಾವ ಮದ್ದನ್ನು ಹಚ್ಚಿದನು, ಅದರಲ್ಲಿ ಯಾವುದು ಫಲಿಸಿತು ಎಂಬುದನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಗ್ರಂಥಗಳಿಂದಲ್ಲ. ನಾನು ಮಾಧ್ಯಮಿಕ ಶಾಲೆಯಲ್ಲಿ ಓದುತ್ತಿದ್ದಾಗ ತುಮಕೂರು ಸೀಮೆಯ ನಮ್ಮ ಊರಿನಲ್ಲಿ, ನಮ್ಮ ಬೀದಿಯ ಕೊನೆಗೆ, ಜಟಕಾ ಗಾಡಿಯ ಸಾಹೇಬರೊಬ್ಬರಿದ್ದರು. ಬಿಳಿಯ ಬಣ್ಣದ ಒಂದೇ ಕುದುರೆ; ಆರು ಜನರ ಸಂಸಾರ. ಒಂದು ವರ್ಷ ಆಷಾಢದ ಜಡಿಮಳೆ ಹಿಡಿದು ಹದಿನೈದು ದಿನ ಬಿಡಲಿಲ್ಲ. ಕುದುರೆ ಹಿಂಗಾಲನ್ನು ಊರಲು ಹಿಂಜರಿಯತೊಡಗಿತು. ಸಾಹೇಬರು ಕಾಲೆತ್ತಿ ನೋಡಿದಾಗ ಗೊರಸಿನ ನಡುವೆ ಕಪ್ಪಗೆ, ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ.

“ಮೇಷ್ಟ್ರ ಮಗಾ, ಅಂಗಡಿಗೆ ಓಡಿಹೋಗಿ ಮೈಲುತುತ್ತ ತರ್ತೀಯಾ ಬೇಟಾ?” ಎಂದು ಅವರು ನನ್ನ ಕೈಗೆ ಕಾಸು ಹಾಕಿದರು. ನಾನು ಓಡಿದೆ. ನೀಲಿಯ ಹರಳುಗಳ ಪೊಟ್ಟಣವನ್ನು ತಂದುಕೊಟ್ಟವನೂ ನಾನೇ, ಕಲ್ಲಿನ ಮೇಲಿಟ್ಟು ಕುಟ್ಟಿ ಪುಡಿ ಮಾಡಿದವನೂ ನಾನೇ. ಹಿಡಿ ಪುಡಿಯನ್ನು ಆ ಹಸಿ ಗಾಯದೊಳಕ್ಕೆ ತುರುಕಿ ಗೋಣಿಯ ಬಟ್ಟೆಯಿಂದ ಬಿಗಿದು ಕಟ್ಟಿದರು. ಮೂರು ದಿನಗಳ ಮೇಲೆ ಕಟ್ಟು ಬಿಚ್ಚಿದಾಗ ಕೊಳೆತದ್ದಷ್ಟೇ ಅಲ್ಲ, ಒಳ್ಳೆಯ ಮಾಂಸವೂ ಸುಟ್ಟುಹೋಗಿತ್ತು. ಕುದುರೆ ಮೂರೇ ಕಾಲಿನ ಮೇಲೆ ನಿಂತಿತು. ಗಾಡಿ ನಿಂತಿತು. ಶ್ರಾವಣ ಮುಗಿಯುವುದರೊಳಗೆ ಆ ಮನೆಯ ಹಿತ್ತಾಳೆಯ ಕೊಡಗಳು ಗಿರವಿಗೆ ಹೋದವು. ಆಮೇಲೆ ಏನಾಯಿತೆಂಬುದನ್ನು ಕಡೆಯಲ್ಲಿ ಹೇಳುತ್ತೇನೆ. ಮೈಲುತುತ್ತ ಕೆಟ್ಟ ಮದ್ದೆ? ಅಲ್ಲ. ಹಾಗಾದರೆ ತಪ್ಪಿದ್ದೆಲ್ಲಿ? ಈ ಪ್ರಶ್ನೆ ನನ್ನನ್ನು ಬಹುಕಾಲ ಕಾಡಿತು.

ಮೊದಲು ಗೊರಸೆಂದರೇನೆಂಬುದನ್ನು ನೋಡೋಣ. ಕುದುರೆ ನಡೆಯುವುದು ಪಾದದ ಮೇಲಲ್ಲ, ಪ್ರತಿಯೊಂದು ಕಾಲಿನ ಒಂದೇ ಒಂದು ಬೆರಳಿನ ತುದಿಯ ಮೇಲೆ. ಆ ಬೆರಳನ್ನು ಸುತ್ತಿಕೊಂಡ ಉಗುರೇ ಗೊರಸು. ನಮ್ಮ ಉಗುರು, ಹಸುವಿನ ಕೊಂಬು, ಕುದುರೆಯ ಗೊರಸು ಎಲ್ಲವೂ ಕೆರಟಿನ್ ಎಂಬ ಒಂದೇ ಬಗೆಯ ಪದಾರ್ಥದಿಂದಾದುವು. ಅದು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಮುಂಭಾಗದ ಗೋಡೆ ಮೇಲಿನಿಂದ ನೆಲದವರೆಗೆ ಹೊಸದಾಗಬೇಕಾದರೆ ಸುಮಾರು ಒಂದು ವರ್ಷ ಬೇಕು. ಕಾಲೆತ್ತಿ ನೋಡಿದರೆ ಹೊರಗೆ ಗಟ್ಟಿಯಾದ ಗೋಡೆ, ಒಳಗೆ ತಗ್ಗಾದ ಅಂಗಾಲು, ನಡುವೆ ಹಿಮ್ಮಡಿಯ ಕಡೆಯಿಂದ ಮುಂದಕ್ಕೆ ಚಾಚಿದ ತ್ರಿಕೋನಾಕಾರದ ಮೆತ್ತನೆಯ ದಿಂಡು. ಈ ದಿಂಡಿನ ಎರಡು ಪಕ್ಕದಲ್ಲೂ ನಡುವಿನಲ್ಲೂ ಸಂದುಗಳಿವೆ. ಸಗಣಿ, ಗಂಜಲ, ಕೆಸರು ಸೇರಿ ಕೂರುವುದು ಈ ಸಂದುಗಳಲ್ಲಿ. ಕೊಳೆ ಹಿಡಿಯುವುದೂ ಇಲ್ಲಿಯೇ.

ಈ ದಿಂಡಿನ ಹೆಸರೇ ಒಂದು ಸ್ವಾರಸ್ಯ. ಇಂಗ್ಲಿಷರು ಇದನ್ನು ಕಪ್ಪೆಯೆಂದು ಕರೆಯುತ್ತಾರೆ. ಸಂಸ್ಕೃತ ನಿಘಂಟುಗಳಲ್ಲಿ ಮಂಡೂಕ ಶಬ್ದಕ್ಕೆ ಕಪ್ಪೆಯೆಂಬ ಅರ್ಥದೊಡನೆ ಕುದುರೆಯ ಗೊರಸಿನ ಅಡಿಭಾಗವೆಂಬ ಅರ್ಥವೂ ಉಂಟು. ಕ್ರಿಸ್ತಪೂರ್ವ 4ನೆಯ ಶತಮಾನದಲ್ಲಿ ಬರೆದ ಗ್ರೀಸಿನ ಕ್ಸೆನೊಫನ್ ಮಾತ್ರ ಇದನ್ನು ಬಾನಾಡಿ ಹಕ್ಕಿಯೆಂದು ಕರೆದನು. ಆ ಹಕ್ಕಿಯ ಕವಲು ಬಾಲವನ್ನು ಇದರ ಆಕಾರದಲ್ಲಿ ಅವನು ಕಂಡಿರಬೇಕು. ದೂರದೂರದ ಜನ ಒಂದೇ ಕಾಲನ್ನು ಎತ್ತಿ ಹಿಡಿದು ಇಷ್ಟು ಸೂಕ್ಷ್ಮವಾಗಿ ನೋಡಿದರೆಂಬುದಕ್ಕೆ ಈ ಹೆಸರುಗಳೇ ಸಾಕ್ಷಿ.

ಕ್ಸೆನೊಫನ್ ಸೇನಾನಿ, ಸಾಕ್ರಟಿಸನ ಶಿಷ್ಯ. ಕುದುರೆ ಸವಾರಿಯನ್ನು ಕುರಿತು ಅವನು ಬರೆದ ಪುಸ್ತಕ ಉಳಿದುಬಂದಿದೆ. ಆಗ ಮೊಳೆ ಹೊಡೆದು ಲಾಳ ಕಟ್ಟುವ ಪದ್ಧತಿಯಿರಲಿಲ್ಲವಾದ್ದರಿಂದ ಗೊರಸೇ ಗಟ್ಟಿಯಾಗಿರಬೇಕಾಗಿತ್ತು. ಒದ್ದೆಯಾದ ನುಣುಪು ನೆಲ ಒಳ್ಳೆಯ ಗೊರಸನ್ನೂ ಕೆಡಿಸುತ್ತದೆಂದು ಅವನು ಎಚ್ಚರಿಸುತ್ತಾನೆ. ಲಾಯದ ನೆಲಕ್ಕೆ ನೀರು ಹರಿದುಹೋಗುವಂತೆ ಇಳಿಜಾರಿರಬೇಕು. ಗೊರಸಿನಷ್ಟು ಗಾತ್ರದ ಕಲ್ಲುಗಳನ್ನು ಒತ್ತಾಗಿ ಹಾಸಿರಬೇಕು. ಲಾಯದ ಹೊರಗೆ ನಾಲ್ಕೈದು ಗಾಡಿ ದುಂಡುಗಲ್ಲು ಸುರಿದು, ಅವು ಚೆದರದಂತೆ ಸುತ್ತಲೂ ಕಬ್ಬಿಣದ ಅಂಚು ಕಟ್ಟಿ, ಮೈ ತಿಕ್ಕುವ ಹೊತ್ತಿನಲ್ಲಿ ಕುದುರೆಯನ್ನು ಅದರ ಮೇಲೆ ನಿಲ್ಲಿಸಬೇಕು. ಅವನು ಇಲ್ಲಿ ಮದ್ದಿನ ಮಾತೆತ್ತಿಲ್ಲ, ನೆಲದ ಮಾತೆತ್ತಿದ್ದಾನೆ ಎಂಬುದನ್ನು ಗಮನಿಸಿ.

ನಮ್ಮ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಶ್ವಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಅಧ್ಯಾಯವೊಂದಿದೆ. ಅಲ್ಲಿಯೂ ಮೊದಲು ಬರುವ ಮಾತುಗಳಲ್ಲಿ ಲಾಯದ ರಚನೆಯೂ ಒಂದು. ಕುದುರೆ ನಿಲ್ಲುವಲ್ಲಿ ನಯವಾದ ಹಲಗೆಗಳ ಹಾಸು, ಗಂಜಲ ಸಗಣಿ ಹೊರಹೋಗಲು ದಾರಿ, ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರಬೇಕೆಂಬ ನಿಯಮ. ಗ್ರೀಕನು ಕಲ್ಲು ಹಾಸಿದನು, ನಮ್ಮವನು ಹಲಗೆ ಹಾಸಿದನು. ಇಬ್ಬರ ಉದ್ದೇಶವೂ ಒಂದೇ, ಕುದುರೆಯ ಕಾಲು ತನ್ನ ಮಲಮೂತ್ರದಲ್ಲಿ ನೆನೆಯಬಾರದು.

ನಮ್ಮಲ್ಲಿ ಅಶ್ವವೈದ್ಯದ ಮೂಲಪುರುಷನೆಂದು ಪರಂಪರೆ ಒಪ್ಪಿರುವವನು ಶಾಲಿಹೋತ್ರ. ಪಾಂಡವರಲ್ಲಿ ನಕುಲನು ವಿರಾಟನ ಲಾಯದಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳನ್ನು ನೋಡಿಕೊಂಡ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅವನ ಹೆಸರಿನಲ್ಲಿಯೂ ಒಂದು ಅಶ್ವಚಿಕಿತ್ಸೆಯ ಗ್ರಂಥವುಂಟು. ಜಯದತ್ತನ ಅಶ್ವವೈದ್ಯಕ ಇನ್ನೊಂದು. ಈ ವಿದ್ಯೆ ಸಂಸ್ಕೃತದಲ್ಲಿಯೇ ನಿಲ್ಲಲಿಲ್ಲ. 15ನೆಯ ಶತಮಾನದಲ್ಲಿ ನಮ್ಮ ಬಹಮನಿ ಅರಸರ ಆಶ್ರಯದಲ್ಲಿ ಶಾಲಿಹೋತ್ರದ ವಿದ್ಯೆ ಪಾರಸಿ ಭಾಷೆಗೆ ಇಳಿಯಿತು. ಉತ್ತರ ಹಿಂದೂಸ್ಥಾನದಲ್ಲಿ ಕುದುರೆ ವೈದ್ಯನನ್ನು ಸಾಲೋತ್ರಿಯೆಂದು ಕರೆಯುವ ರೂಢಿ ಬಂದದ್ದು ಶಾಲಿಹೋತ್ರನ ಹೆಸರಿನಿಂದಲೇ; ಬ್ರಿಟಿಷರ ಕಾಲದ ಕುದುರೆ ಪಡೆಗಳಲ್ಲಿಯೂ ಆ ಪದ ಬಳಕೆಯಲ್ಲಿತ್ತು. ಋಷಿಯೊಬ್ಬನ ಹೆಸರು ಒಂದು ಕಸುಬಿನ ಹೆಸರಾಗಿ ಬದುಕಿತು.

ಕನ್ನಡವೂ ಹಿಂದುಳಿಯಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಗಳ ಜಾತಿ ಲಕ್ಷಣಗಳಿಗೂ ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದಕ್ಕೂ ಸ್ಥಳ ದೊರೆತಿದೆ. ಅದೇ ರಾಜವಂಶದ ಕೀರ್ತಿವರ್ಮನು ದನಗಳ ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಗೋವೈದ್ಯವನ್ನು ಬರೆದನು. ಅದರಲ್ಲಿ ಮದ್ದಿನೊಡನೆ ಮಂತ್ರವೂ ಬೆರೆತಿದೆ. 1400ರ ಸುಮಾರಿನಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ರಚಿಸಿದನು. ಮೈಸೂರು ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನು 1627ರಲ್ಲಿ ಹಯಸಾರಸಮುಚ್ಚಯವನ್ನು ಬರೆದನು. ಆ ಕಾಲದಲ್ಲಿ ಒಬ್ಬ ಪಂಡಿತನು ಕುದುರೆಯ ರೋಗಗಳನ್ನು ಕುರಿತು ಗ್ರಂಥ ಬರೆಯುವುದು ಕೀಳು ಕೆಲಸವಾಗಿರಲಿಲ್ಲ, ರಾಜ್ಯದ ಕೆಲಸವಾಗಿತ್ತು.

ಏಕೆಂದರೆ ಕುದುರೆಯೆಂದರೆ ಹಣ. ದಕ್ಷಿಣದ ಹವೆ ಕುದುರೆಯ ಸಂತಾನಕ್ಕೆ ಒಗ್ಗದಾದ್ದರಿಂದ ಅರಬಸ್ಥಾನದಿಂದಲೂ ಪಾರಸಿ ಕೊಲ್ಲಿಯ ಹರ್ಮುಜಿನಿಂದಲೂ ಹಡಗಿನಲ್ಲಿ ತರಿಸಬೇಕಾಗಿತ್ತು. ಭಟ್ಕಳ, ಹೊನ್ನಾವರ, ಗೋವೆಗಳ ಮೂಲಕ ವಿಜಯನಗರಕ್ಕೆ ಬಂದ ಕುದುರೆಗಳಿಗಾಗಿ ರಾಯರು ಸುರಿದ ಹೊನ್ನಿನ ಸಂಗತಿಯನ್ನು ಪೋರ್ಚುಗೀಸರು ಬರೆದಿಟ್ಟಿದ್ದಾರೆ. ಅವರಿಗೂ ಮುಂಚೆ, 13ನೆಯ ಶತಮಾನದ ಕೊನೆಯಲ್ಲಿ ತಮಿಳು ಕರಾವಳಿಯನ್ನು ಕಂಡ ಮಾರ್ಕೊ ಪೋಲೊ ಹೇಳುವ ಮಾತು ಮನಮುಟ್ಟುವಂತಿದೆ. ಅಲ್ಲಿನ ಪಾಂಡ್ಯ ಅರಸರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ಕೊಳ್ಳುತ್ತಿದ್ದರು. ವರ್ಷದ ಕೊನೆಗೆ ಅವುಗಳಲ್ಲಿ ನೂರೂ ಉಳಿಯುತ್ತಿರಲಿಲ್ಲ. ಆರೈಕೆ ಬಲ್ಲವರಿಲ್ಲ, ಗೊರಸು ನೋಡುವ ಕುಶಲಿಗಳಿಲ್ಲ. ಕುದುರೆ ಮಾರುವ ವರ್ತಕರು ಅಂಥ ಕುಶಲಿಗಳನ್ನು ತಾವೂ ಕರೆತರುತ್ತಿರಲಿಲ್ಲ, ಬೇರೆಯವರು ಹೋಗಲೂ ಬಿಡುತ್ತಿರಲಿಲ್ಲ. ಕುದುರೆ ಸತ್ತಷ್ಟೂ ಅವರ ವ್ಯಾಪಾರ ಹೆಚ್ಚುತ್ತಿತ್ತಷ್ಟೆ! ಪ್ರವಾಸಿಯ ಲೆಕ್ಕದಲ್ಲಿ ಉತ್ಪ್ರೇಕ್ಷೆಯನ್ನು ಕಳೆದರೂ ನೀತಿ ಉಳಿಯುತ್ತದೆ. ಬೊಕ್ಕಸದ ಹೊನ್ನೆಲ್ಲ ಕುದುರೆಗೆ ಹೋಯಿತು. ಕಾಲೆತ್ತಿ ನೋಡುವವನಿಗೆ ಕೊಡುವ ಸಂಬಳವನ್ನು ಮಾತ್ರ ಉಳಿಸಿದ ಹಾಗಾಯಿತು.

ಇನ್ನು ಲಾಳದ ವಿಷಯ. ಯುರೋಪಿನಲ್ಲಿ ಮೊಳೆ ಹೊಡೆದು ಕಟ್ಟುವ ಕಬ್ಬಿಣದ ಲಾಳ 9-10ನೆಯ ಶತಮಾನಗಳ ಹೊತ್ತಿಗೆ ಬಳಕೆಗೆ ಬಂದು ಮುಂದೆ ಎಲ್ಲೆಡೆ ಹರಡಿತು. ಕಲ್ಲು ದಾರಿಯಲ್ಲಿ ಗೊರಸು ಸವೆಯುವುದು ತಪ್ಪಿತು. ಆದರೆ ಒಂದು ಉಪಕಾರದೊಡನೆ ಒಂದು ಅಪಕಾರವೂ ಬಂತು. ಲಾಳದ ದಪ್ಪದಷ್ಟು ಗೊರಸು ಮೇಲೆದ್ದಿತು. ನಡುವಿನ ದಿಂಡು ನೆಲ ಮುಟ್ಟದಾಯಿತು. ತಗ್ಗಿನಲ್ಲಿ ಕೊಳಕು ಗಟ್ಟಿಯಾಗಿ ಕೂರಲು ಅನುಕೂಲವಾಯಿತು. 18ನೆಯ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಲಫಾಸ್ ಎಂಬ ಅಶ್ವವೈದ್ಯನು ಇದನ್ನು ಕಂಡು, ಹಿಂಭಾಗವನ್ನು ಮುಚ್ಚದ ಗಿಡ್ಡ ಲಾಳವನ್ನು ಕಟ್ಟಿ ದಿಂಡು ನೆಲ ಮುಟ್ಟುವಂತೆ ಮಾಡಬೇಕೆಂದು ವಾದಿಸಿದನು. ಅದೇ ದೇಶದ ಲಿಯೋನ್ ನಗರದಲ್ಲಿ 1761ರಲ್ಲಿ ಬೂರ್ಜೆಲಾ ಎಂಬಾತನ ಪ್ರಯತ್ನದಿಂದ ಪಶುವೈದ್ಯ ಶಾಲೆಗೆ ಅನುಮತಿ ದೊರೆಯಿತು. ಹೊಸ ರೀತಿಯ ಪಶುವೈದ್ಯ ಶಿಕ್ಷಣ ಅಲ್ಲಿಂದ ಮೊದಲಾಯಿತೆನ್ನಬಹುದು.

ಈಗ ಮದ್ದುಗಳಿಗೆ ಬರೋಣ. ಪ್ರತಿಯೊಂದು ನಾಡೂ ತನ್ನ ಕೈಗೆ ಹತ್ತಿರವಿದ್ದುದನ್ನೇ ಗೊರಸಿಗೆ ಹಚ್ಚಿತು. ನಮ್ಮವರು ಬೇವಿನೆಣ್ಣೆ, ಅರಿಸಿನ, ಉಪ್ಪುನೀರು ಎಂದರು. ಉತ್ತರ ಯುರೋಪಿನವರಿಗೆ ಹತ್ತಿರವಿದ್ದದ್ದು ಪೈನ್ ಮರದ ಕೀಲೆಣ್ಣೆ. ಸ್ವೀಡನ್ ಮತ್ತು ಅಂದು ಅದರ ಆಳ್ವಿಕೆಯಲ್ಲಿದ್ದ ಫಿನ್‌ಲೆಂಡಿನ ರೈತರು ಪೈನ್ ಮರದ ಬೇರು ಬೊಡ್ಡೆಗಳನ್ನು ಗಾಳಿಯಾಡದಂತೆ ಮುಚ್ಚಿ ಸುಟ್ಟು ಈ ಕಪ್ಪು ರಸವನ್ನು ಇಳಿಸುತ್ತಿದ್ದರು. ಅದರ ವ್ಯಾಪಾರಕ್ಕೆ 1648ರಲ್ಲಿ ಸ್ವೀಡನ್ನಿನ ಪ್ರಭುತ್ವವು ಒಂದು ಕಂಪನಿಗೆ ಏಕಸ್ವಾಮ್ಯ ಕೊಟ್ಟಿತು. ಅದೇ ಸ್ಟಾಕ್‌ಹೋಮ್ ಟಾರ್ ಎಂದು ಲೋಕಪ್ರಸಿದ್ಧವಾಯಿತು. ಹಡಗಿನ ಹಲಗೆ ಹಗ್ಗಗಳು ಸಮುದ್ರದ ನೀರಿನಲ್ಲಿ ಕೊಳೆಯದಂತೆ ಬಳಿಯುವ ಪದಾರ್ಥವದು. ಮರವನ್ನು ಕೊಳೆಯದಂತೆ ಕಾಯುವುದು ಗೊರಸನ್ನೂ ಕಾಯಲಾರದೆ ಎಂದು ಯಾರೋ ಲಾಯದವನು ಯೋಚಿಸಿರಬೇಕು. ಇಂದಿಗೂ ಅದು ಅಶ್ವಶಾಲೆಗಳಲ್ಲಿ ಬಳಕೆಯಲ್ಲಿದೆ. ನಮ್ಮಲ್ಲಿ ರಸ್ತೆಗೆ ಹಾಕುವುದನ್ನೂ ಡಾಂಬರೆಂದೇ ಕರೆಯುವುದರಿಂದ ಒಂದು ಎಚ್ಚರಿಕೆ ಹೇಳಬೇಕು: ಅದು ಇದಲ್ಲ, ಅದನ್ನು ಗೊರಸಿಗೆ ಹಚ್ಚಬಾರದು.

ಮೈಲುತುತ್ತದ ಕಥೆ ಇನ್ನೂ ದೊಡ್ಡದು. ಗಂಧಕಾಮ್ಲವೂ ತಾಮ್ರವೂ ಸೇರಿದ ಈ ನೀಲಿ ಹರಳನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲರು. ಸಂಸ್ಕೃತದಲ್ಲಿ ಇದು ತುತ್ಥ. ನವಿಲುಗೊರಳಿನ ಬಣ್ಣದ್ದಾದ್ದರಿಂದ ಶಿಖಿಗ್ರೀವವೆಂಬ ಹೆಸರನ್ನೂ ಅಮರಕೋಶ ಹೇಳುತ್ತದೆ. ನಮ್ಮ ಮೈಲುತುತ್ತದ ‘ಮೈಲು’ ಕೂಡ ನವಿಲೇ. 1807ರಲ್ಲಿ ಪ್ರೆವೋ ಎಂಬಾತನು ಗೋಧಿಯ ಕಾಡಿಗೆ ರೋಗಕ್ಕೆ ಬೂಷ್ಟೇ ಕಾರಣವೆಂದು ತೋರಿಸಿ, ಅತ್ಯಲ್ಪ ತಾಮ್ರ ಬೆರೆತ ನೀರಿನಲ್ಲಿಯೂ ಆ ಬೂಷ್ಟಿನ ಬೀಜಕಣಗಳು ಮೊಳೆಯಲಾರವೆಂಬುದನ್ನು ಕಂಡುಕೊಂಡನು. 1882ರಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ಮಿಲ್ಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು ದಾರಿಯ ಪಕ್ಕದ ದ್ರಾಕ್ಷಿಯ ಬಳ್ಳಿಗಳು ಮಾತ್ರ ರೋಗವಿಲ್ಲದೆ ಹಸುರಾಗಿರುವುದನ್ನು ಕಂಡನು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯದಿರಲೆಂದು ತೋಟದವರು ಮೈಲುತುತ್ತ ಸುಣ್ಣಗಳ ನೀರನ್ನು ಎರಚಿ ವಿಕಾರ ಮಾಡಿದ್ದರು! 1885ರಲ್ಲಿ ಅವನು ಪ್ರಕಟಿಸಿದ ಆ ಮಿಶ್ರಣವೇ ಬೋರ್ಡೋ ದ್ರಾವಣ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ನಾನು ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಶೋಧಿಸಿ ಈ ದ್ರಾವಣದ ಸಿಂಪರಣೆಯನ್ನು ನಮ್ಮ ತೋಟಗಳಿಗೆ ತಂದರು. ಕೊಳೆರೋಗದ ಜೀವಿಯನ್ನು ಇಂದಿನ ವಿಜ್ಞಾನ ನಿಜವಾದ ಬೂಷ್ಟಿನ ವರ್ಗದಿಂದ ಬೇರೆಯಾಗಿಟ್ಟಿದೆ. ಮದ್ದು ಮಾತ್ರ ಬದಲಾಗಲಿಲ್ಲ. ಅಡಿಕೆಯ ಗೊನೆಯನ್ನು ಕಾಯುವ ಅದೇ ತಾಮ್ರವೇ ಕುದುರೆಯ ಗೊರಸಿಗೂ ಬೇಕಾದದ್ದು.

ಹಾಗಾದರೆ ಗೊರಸಿನ ಕೊಳೆ ಬೂಷ್ಟೆ? ಈ ಪ್ರಶ್ನೆಗೆ ಉತ್ತರ ಹೇಳುವ ದಾರಿ ತೆರೆದದ್ದು 19ನೆಯ ಶತಮಾನ. 1835ರಲ್ಲಿ ಇಟಲಿಯ ಅಗಸ್ಟಿನೊ ಬಾಸ್ಸಿ ಎಂಬಾತನು ರೇಷ್ಮೆಹುಳುವಿನ ಒಂದು ರೋಗಕ್ಕೆ ಬೂಷ್ಟು ಕಾರಣವೆಂದು ಸಿದ್ಧಮಾಡಿ ತೋರಿಸಿದನು. ನಮ್ಮ ರಾಮನಗರ, ಚನ್ನಪಟ್ಟಣದ ಕಡೆ ಸುಣ್ಣಕಟ್ಟು ರೋಗವೆನ್ನುವುದು ಅದನ್ನೇ. ಕಣ್ಣಿಗೆ ಕಾಣದ ಜೀವಿಯೊಂದು ಪ್ರಾಣಿಗೆ ರೋಗ ತರಬಲ್ಲುದೆಂದು ಪ್ರಯೋಗದಿಂದ ತಿಳಿದದ್ದು ಆಗ. 1884ರಲ್ಲಿ ಜರ್ಮನಿಯ ಲೋಫ್ಲರ್ ಕರುಗಳ ಗಂಟಲು ಬೇನೆಯಲ್ಲಿ ಒಂದು ಬಗೆಯ ಬ್ಯಾಕ್ಟೀರಿಯವನ್ನು ವರ್ಣಿಸಿದನು. ಗಾಳಿ ಸೋಕದ ಕಡೆಯಲ್ಲಿ ಮಾತ್ರ ಬೆಳೆಯುವ ಆ ಜೀವಿಯೇ ಕುದುರೆಯ ಗೊರಸಿನ ಸಂದಿನಲ್ಲಿ ಕಪ್ಪು ಕೊಳೆಯನ್ನೂ ದುರ್ವಾಸನೆಯನ್ನೂ ಉಂಟುಮಾಡುವುದರಲ್ಲಿ ಮುಖ್ಯವಾದುದೆಂದು ಮುಂದೆ ಗೊತ್ತಾಯಿತು. ಆದ್ದರಿಂದ ದಿಂಡಿನ ಕೊಳೆ ಮುಖ್ಯವಾಗಿ ಬ್ಯಾಕ್ಟೀರಿಯದ ಕೆಲಸ. ಬೂಷ್ಟು ಅದರ ಜೊತೆಗಾರ.

ಬೂಷ್ಟಿನ ಕೈ ಹೆಚ್ಚಾಗಿ ಕಾಣುವುದು ಇನ್ನೊಂದು ರೋಗದಲ್ಲಿ. ಗೊರಸಿನ ಗೋಡೆಯೂ ಅಂಗಾಲೂ ಸೇರುವ ಕಡೆ ಒಂದು ತಿಳಿ ಬಣ್ಣದ ಗೆರೆಯುಂಟು. ಅಲ್ಲಿ ಬಿರುಕು ಬಿಟ್ಟರೆ ಗೋಡೆಯ ಒಳಪದರ ಪುಡಿಪುಡಿಯಾಗಿ ಮೇಲಕ್ಕೆ ಟೊಳ್ಳಾಗುತ್ತ ಹೋಗುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಡಕು ಮಡಕೆಯ ಸದ್ದು ಬರುತ್ತದೆ. ಕೆರಟಿನ್ನನ್ನು ತಿಂದು ಬದುಕುವ ಬೂಷ್ಟುಗಳು ಅಲ್ಲಿ ಸಿಗುತ್ತವೆ. ಆದರೆ ಅಂಥ ಬೂಷ್ಟುಗಳು ಮಣ್ಣಿನಲ್ಲೆಲ್ಲ ಇರುವಂಥವು. ಆರೋಗ್ಯವಾಗಿರುವ ಗೊರಸಿನ ಮೇಲೂ ಅವು ಇರುವುದುಂಟು. ಗೊರಸು ವಿಪರೀತ ಬೆಳೆದು ಸೀಳಿದಾಗ, ನೆನೆದು ಮೆತ್ತಗಾದಾಗ, ಅವಕ್ಕೆ ಬಾಗಿಲು ತೆರೆದಂತಾಗುತ್ತದೆ. ಕಳ್ಳನು ಊರಿನಲ್ಲಿ ಯಾವಾಗಲೂ ಇದ್ದಾನೆ. ಅಗುಳಿ ಹಾಕದ ಮನೆಗೆ ನುಗ್ಗುತ್ತಾನೆ.

ಇಷ್ಟನ್ನು ತಿಳಿದ ಮೇಲೆ ಚಿಕಿತ್ಸೆಯ ಕ್ರಮ ತಾನಾಗಿಯೇ ಹೊಳೆಯುತ್ತದೆ. ಮೊದಲನೆಯದು ನೆಲ. ಕುದುರೆ ನಿಲ್ಲುವ ಜಾಗ ಒಣಗಿರಬೇಕು. ಸಗಣಿ ಗಂಜಲಗಳನ್ನು ದಿನವೂ ತೆಗೆಯಬೇಕು. ಎರಡನೆಯದು ಕೈ. ದಿನಕ್ಕೊಮ್ಮೆಯಾದರೂ ನಾಲ್ಕು ಕಾಲುಗಳನ್ನೂ ಎತ್ತಿ, ಮೊಂಡಾದ ಕೊಕ್ಕೆಯಿಂದ ಸಂದುಗಳನ್ನು ಹಿಮ್ಮಡಿಯಿಂದ ಮುಂದಕ್ಕೆ ಕೆದಕಿ, ಕುಂಚದಿಂದ ಉಜ್ಜಬೇಕು. ಮೂರನೆಯದು ಬಾಚಿ. ಸತ್ತು ಜೋತಾಡುವ ಗೊರಸನ್ನು ಬಲ್ಲವನಿಂದ ಕೆತ್ತಿಸಿ ಗಾಳಿಯಾಡುವಂತೆ ಮಾಡಬೇಕು. ಏಕೆಂದರೆ ಈ ರೋಗಕ್ಕೆ ಗಾಳಿಯೇ ವೈರಿ. ಆರೇಳು ವಾರಕ್ಕೊಮ್ಮೆ ಲಾಳ ಬಿಚ್ಚಿ ಗೊರಸು ಕೆತ್ತಿಸುವುದು ಒಳ್ಳೆಯದು. ನಾಲ್ಕನೆಯದಾಗಿ ಮದ್ದು. ತೊಳೆದು ಚೆನ್ನಾಗಿ ಒರಸಿ ಒಣಗಿಸಿದ ಮೇಲೆ, ನೂರು ಭಾಗ ನೀರಿಗೆ ಐದು ಭಾಗವನ್ನು ಮೀರದಂತೆ ಕರಗಿಸಿದ ಮೈಲುತುತ್ತದಲ್ಲಿಯೋ ಔಷಧದ ಅಂಗಡಿಯಲ್ಲಿ ಸಿಗುವ ಪೊವಿಡೋನ್ ಅಯೋಡಿನ್ನಿನಲ್ಲಿಯೋ ಅದ್ದಿದ ಹತ್ತಿಯನ್ನು ಸಂದಿನಲ್ಲಿ ಸಡಿಲವಾಗಿಟ್ಟು ದಿನವೂ ಬದಲಾಯಿಸಬೇಕು. ಕೊಳೆ ನಿಂತು ಒಣಗಿದ ಮೇಲೆ ಪೈನ್ ಮರದ ಟಾರನ್ನು ತೆಳುವಾಗಿ ಹಚ್ಚಬಹುದು; ಒದ್ದೆಯಿರುವಾಗ ಹಚ್ಚಿದರೆ ರೋಗವನ್ನು ಒಳಗಿಟ್ಟು ಬೀಗ ಹಾಕಿದಂತಾಗುತ್ತದೆ.

ಕೆಲವು ಎಚ್ಚರಿಕೆಗಳನ್ನೂ ಹೇಳಿಬಿಡುತ್ತೇನೆ. ಮೈಲುತುತ್ತದ ಹರಳನ್ನಾಗಲಿ ಪುಡಿಯನ್ನಾಗಲಿ ಹಸಿಮಾಂಸಕ್ಕೆ ಹಾಕಬಾರದು. ಅದು ಕೊಳೆಯನ್ನೂ ಜೀವವಿರುವ ಮಾಂಸವನ್ನೂ ಬೇರೆ ಮಾಡಿ ನೋಡುವುದಿಲ್ಲ, ಎರಡನ್ನೂ ಸುಡುತ್ತದೆ. ಗೊರಸು ತೊಳೆದ ಆ ನೀರನ್ನು ಕುರಿಗಳು ಕುಡಿಯುವಲ್ಲಿ ಚೆಲ್ಲಬಾರದು. ಕುರಿಗೆ ತಾಮ್ರ ಬೇಗನೆ ವಿಷವಾಗುತ್ತದೆ. ಗಾಯಕ್ಕೆ ಸಗಣಿ ಮಣ್ಣು ಮೆತ್ತುವ ಹಳೆಯ ರೂಢಿಯನ್ನು ಬಿಟ್ಟೇಬಿಡಬೇಕು. ಧನುರ್ವಾಯುವಿನ ರೋಗಾಣು ಮಣ್ಣಿನಲ್ಲಿದೆಯೆಂಬುದು 1884ರಷ್ಟು ಹಿಂದೆಯೇ ತಿಳಿದಿದೆ. ಆ ರೋಗ ಕುದುರೆಗೆ ತಗಲುವಷ್ಟು ಸುಲಭವಾಗಿ ಬೇರೆ ಸಾಕುಪ್ರಾಣಿಗಳಿಗೆ ತಗಲದು. ಅದಕ್ಕೆ ಮುಂಜಾಗ್ರತೆಯ ಚುಚ್ಚುಮದ್ದುಂಟು, ಹಾಕಿಸಿರಬೇಕು. ಕುದುರೆ ಕುಂಟುತ್ತಿದ್ದರೆ, ಕಾಲು ಬಿಸಿಯಾಗಿ ಊದಿದ್ದರೆ, ಕೆದಕಿದಾಗ ರಕ್ತ ಬಂದರೆ ಮನೆಮದ್ದಿನ ಎಲ್ಲೆ ಮುಗಿಯಿತೆಂದು ತಿಳಿದು ಪಶುವೈದ್ಯರನ್ನು ಕರೆಯಬೇಕು.

ಈಗ ನಮ್ಮ ಬೀದಿಯ ಸಾಹೇಬರ ಕಡೆಗೆ ತಿರುಗೋಣ. ಭಾದ್ರಪದದಲ್ಲಿ ಒಂದು ದಿನ ಪಕ್ಕದ ಹಳ್ಳಿಯಿಂದ ಲಾಳ ಕಟ್ಟುವ ಮುದುಕನೊಬ್ಬನನ್ನು ಕರೆಸಿದರು. ಆತ ಬಂದವನು ಕುದುರೆಯ ಕಾಲನ್ನು ಮುಟ್ಟಲಿಲ್ಲ. ಲಾಯದೊಳಗೆ ಹೋಗಿ ಅಂಗೈಯನ್ನು ನೆಲಕ್ಕೊತ್ತಿ ನೋಡಿದ. ಬೀದಿಯ ಚರಂಡಿಯ ನೀರು ಗೋಡೆಯಡಿಯಿಂದ ಒಸರಿ ನೆಲವೆಲ್ಲ ನೆನೆದಿತ್ತು.

“ಸಾಬ್ರೇ, ಮದ್ದಿನ ಮಾತು ಆಮೇಲೆ. ಮೊದಲು ಈ ನೀರು ನಿಲ್ಲಿಸಿ. ಮನುಷ್ಯನ ಕಾಲೇ ಆಗಲಿ, ಎರಡು ತಿಂಗಳು ಇಲ್ಲಿಟ್ಟರೆ ಉಳೀತದಾ?” ಎಂದ.

ನಮ್ಮ ತಂದೆಯವರೂ ಬೀದಿಯ ಇಬ್ಬರು ಹುಡುಗರೂ ಸೇರಿ ಚರಂಡಿಯನ್ನು ತಿರುಗಿಸಿದೆವು. ಲಾಯದ ನೆಲವನ್ನು ಅಗೆದು ಜಲ್ಲಿ ತುಂಬಿ ಮೇಲೆ ಮರಳು ಹಾಸಿದರು. ಆಮೇಲೆ ಮುದುಕ ಗೊರಸನ್ನು ಕೆತ್ತಿ, ಬಿಸಿಮಾಡಿ ಆರಿಸಿದ ಉಪ್ಪುನೀರಿನಲ್ಲಿ ತೊಳೆದು, ಅದೇ ಮೈಲುತುತ್ತವನ್ನು ತಿಳಿಯಾಗಿ ಕದಡಿ ಹತ್ತಿಯಲ್ಲಿಟ್ಟ. ಸುಟ್ಟ ಜಾಗ ಬೆಳೆದು ಬರಲು ಕಾಲ ಹಿಡಿಯಿತು. ದಸರೆಯ ಬಾಡಿಗೆಗಳೆಲ್ಲ ತಪ್ಪಿಹೋದವು. ದೀಪಾವಳಿ ಕಳೆದ ಮೇಲೆ ಜಟಕಾ ಮತ್ತೆ ರೈಲು ನಿಲ್ದಾಣಕ್ಕೆ ಹೊರಟಿತು. ಗಿರವಿಯಿಟ್ಟ ಕೊಡಗಳಲ್ಲಿ ಒಂದು ಮಾತ್ರ ಮನೆಗೆ ಹಿಂದಿರುಗಿತು.

ಆ ಪುಡಿಯನ್ನು ಕುಟ್ಟಿದವನು ನಾನೆಂಬುದು ಇಂದಿಗೂ ನನ್ನ ಮನಸ್ಸಿನಲ್ಲಿದೆ. ಓದು ಬರಹ ಬಲ್ಲ ಮನೆಯ ಹುಡುಗನಾಗಿದ್ದೂ, ಎಷ್ಟು ನೀರಿಗೆ ಎಷ್ಟು ಹಾಕಬೇಕೆಂದು ಕೇಳಿ ತಿಳಿಯುವ ಬುದ್ಧಿ ನನಗಾಗಲಿಲ್ಲ. ಕ್ಸೆನೊಫನ್ನನ ಕಲ್ಲು, ಕೌಟಿಲ್ಯನ ಹಲಗೆ, ಆ ಮುದುಕನ ಅಂಗೈ ಈ ಮೂರೂ ಹೇಳಿದ್ದು ಒಂದೇ ಮಾತೆಂಬುದು ನನಗೆ ಗೊತ್ತಾದದ್ದು ಬಹಳ ಮುಂದೆ. ಮೈಸೂರಿನ ಬೀದಿಗಳಲ್ಲಿ ಟಾಂಗಾಗಳು ಇಂದು ಕೆಲವೇ ಉಳಿದಿವೆ. ಅವನ್ನು ನಂಬಿದ ಸಂಸಾರಗಳೂ ಕೆಲವು ಉಳಿದಿವೆ. ನೀವು ದಸರೆಗೆ ಹೋದಾಗ ಮಕ್ಕಳನ್ನು ಟಾಂಗಾದಲ್ಲಿ ಕೂರಿಸುವ ಮುನ್ನ ಕುದುರೆ ನಾಲ್ಕು ಕಾಲನ್ನೂ ಸಮನಾಗಿ ಊರಿ ನಿಂತಿದೆಯೆ ಎಂದು ಒಮ್ಮೆ ನೋಡಿರಿ. ಒಂದು ಕಾಲನ್ನು ಎತ್ತೆತ್ತಿ ಇಡುತ್ತಿದ್ದರೆ ಗಾಡಿಯವರಿಗೆ ಮೆಲ್ಲಗೆ ತಿಳಿಸಿರಿ; ಮದ್ದಿನ ಹೆಸರು ಹೇಳುವ ಮೊದಲು, ರಾತ್ರಿ ಅದನ್ನು ಕಟ್ಟುವ ಜಾಗ ಒಣಗಿದೆಯೆ ಎಂದು ಕೇಳಿರಿ.